ಲಾಂಡ್ರಿ ಅತ್ತೆ ಹೊಣೆ ನಿಂತ ಹುಡುಗಿ

ಆಕೆಯನ್ನು ಅತ್ತೆ ಎಂದು ಕರೆಯಬಲ್ಲವಳು ಈ ಲೋಕದಲ್ಲಿ ಒಬ್ಬಳೇ ಇದ್ದಳು. ಅವಳೂ ಹಾಗೆ ಕರೆದು ಎಷ್ಟೋ ವರ್ಷಗಳಾಗಿದ್ದವು.

ಆಕೆಯ ಕೆಲಸ ದೊಡ್ಡ ಆಸ್ಪತ್ರೆಯೊಂದರ ನೆಲಮಾಳಿಗೆಯ ಲಾಂಡ್ರಿಯಲ್ಲಿ. ವಾರ್ಡುಗಳಿಂದ ಮೂಟೆ ಮೂಟೆಯಾಗಿ ಇಳಿದು ಬರುವ ಹಾಸುಬಟ್ಟೆ, ಹೊದಿಕೆ, ದಿಂಬಿನ ಚೀಲ, ಆಪರೇಷನ್ ಕೋಣೆಯ ಹಸಿರು ಅಂಗಿಗಳನ್ನು ವಿಂಗಡಿಸಬೇಕು. ರಕ್ತ ಅಂಟಿದ್ದನ್ನು ಮೊದಲು ತಣ್ಣೀರಿಗೆ ಹಾಕಬೇಕು. ತೊಳೆದು ಬಂದದ್ದನ್ನು ಬಿಸಿ ರೋಲರಿನ ಬಾಯಿಗೆ ಕೊಟ್ಟು, ಆ ಕಡೆಯಿಂದ ಹಪ್ಪಳದಂತೆ ಹೊರಬಂದ ಮೇಲೆ ಮಡಿಸಿ ಪೇರಿಸಬೇಕು. ಯಂತ್ರಗಳ ಗದ್ದಲದಲ್ಲಿ ಮಾತಾಡಬೇಕೆಂದರೆ ಕಿರುಚಬೇಕಾಗಿತ್ತು. ಕಿರುಚಿ ಹೇಳುವಂಥ ಮಾತು ಆಕೆಯ ಹತ್ತಿರ ಇರುತ್ತಿರಲಿಲ್ಲ.

ಗಂಡ ಮದುವೆಯಾದ ಕೆಲವೇ ವರ್ಷಗಳಲ್ಲಿ ಜ್ವರಕ್ಕೆ ತುತ್ತಾಗಿ ಅದೇ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ತೀರಿಕೊಂಡಿದ್ದ. ಮಕ್ಕಳಾಗಿರಲಿಲ್ಲ. ಆಗ ಒಂದಿಷ್ಟು ದಿನ ನೆಂಟರು ಬಂದರು, ಉಪಕಾರ ಮಾಡಿದರು, ಮಾಡಿದ ಉಪಕಾರವನ್ನು ಎದುರಿಗೇ ಎಣಿಸಿದರು. ಅಂದೇ ಆಕೆ ತೀರ್ಮಾನಿಸಿಬಿಟ್ಟಳು: ಇನ್ನು ಯಾರ ಹಂಗೂ ಬೇಡ. ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಗೆ ಬಂದು ಸೇರಿದಳು. ಎದುರು ಬಾಗಿಲಲ್ಲಿ ನಿವೃತ್ತ ಟೀಚರಮ್ಮ ಇದ್ದರು. ಮೆಟ್ಟಿಲಲ್ಲಿ ಸಿಕ್ಕಾಗ ಅವರು “ಚಹಾ ಆಯ್ತಾ?” ಅನ್ನುವರು, ಆಕೆ “ಆಯ್ತು” ಅನ್ನುವಳು. ವರ್ಷಾನುಗಟ್ಟಲೆ ಅವರಿಬ್ಬರ ಸ್ನೇಹ ಆ ಒಂದು ಲೋಟ ಚಹಾದಿಂದ ಮುಂದೆ ಹೋಗಿರಲಿಲ್ಲ, ಆ ಚಹಾವನ್ನೂ ಒಬ್ಬರ ಮನೆಯಲ್ಲಿ ಇನ್ನೊಬ್ಬರು ಕುಡಿದದ್ದಿಲ್ಲ. ಲಾಂಡ್ರಿಯಲ್ಲಿ ರೋಲರಿನ ಆ ತುದಿಗೆ ನಿಲ್ಲುತ್ತಿದ್ದ ಹೆಂಗಸನ್ನು ಎಲ್ಲರೂ ‘ರೇಡಿಯೋ’ ಎನ್ನುತ್ತಿದ್ದರು, ಬಾಯಿ ಮುಚ್ಚುತ್ತಿರಲಿಲ್ಲವಾದ್ದರಿಂದ. ಟೇಬಲ್ ಫ್ಯಾನ್ ಯಾರ ಕಡೆ ತಿರುಗಿರಬೇಕು ಎಂಬ ಜಗಳದಲ್ಲಿ ಅವಳೊಂದಿಗೂ ಮಾತು ನಿಂತುಹೋಗಿತ್ತು. ಒಂದೇ ಹಾಸುಬಟ್ಟೆಯ ಎರಡು ತುದಿ ಹಿಡಿದು, ಮಡಿಸಿ, ಹತ್ತಿರ ಬಂದು, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸುತ್ತಿದ್ದರು. ಮುಖ ಮಾತ್ರ ನೋಡುತ್ತಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ತಮ್ಮನ ಫೋನು ಬಂತು. ತಮ್ಮ ಲಾರಿ ಡ್ರೈವರು. ಮನೆಗಿಂತ ರಸ್ತೆಯಲ್ಲೇ ಹೆಚ್ಚು ಇರುವವನು. ಅವನ ಮೊದಲ ಹೆಂಡತಿ ಸತ್ತಾಗ ಮಗಳು ಎರಡನೇ ತರಗತಿಯಲ್ಲಿದ್ದಳು. ಆಮೇಲೆ ಬಂದ ಎರಡನೆಯವಳೇನೂ ಕೆಟ್ಟವಳಲ್ಲ, ಹೊಡೆದವಳಲ್ಲ, ಉಪವಾಸ ಕೆಡವಿದವಳಲ್ಲ. ಆದರೆ ಅವಳಿಗೆ ತನ್ನದೇ ಮಗುವಾದ ಮೇಲೆ ಈ ಹುಡುಗಿ ಮನೆಯಲ್ಲಿದ್ದಾಳೋ ಇಲ್ಲವೋ ಎಂದು ನೋಡುವವರು ಇಲ್ಲವಾದರು. ಮುಚ್ಚಿಹೋದ ಸಿನಿಮಾ ಮಂದಿರದ ಮೆಟ್ಟಿಲುಗಳ ಮೇಲೆ ಕೂರುವ ಪಡ್ಡೆಗಳ ಗುಂಪು ಮಾತ್ರ ನೋಡಿತು. ಅಲ್ಲಿ ಅವಳಿಗೊಂದು ಹೆಸರೂ ಸಿಕ್ಕಿತು: ಬೆಂಕಿಕಡ್ಡಿ. ಕಡ್ಡಿಯಂತೆ ಇದ್ದಳು, ಗೀರಿದರೆ ಹೊತ್ತಿಕೊಳ್ಳುತ್ತಿದ್ದಳು.

“ಅಕ್ಕಾ, ಮಗಳು ಒಂದು ಅನಾಹುತ ಮಾಡ್ಕೊಂಡಿದ್ದಾಳೆ,” ಎಂದ ತಮ್ಮ. “ಬಾಲಮಂದಿರದಲ್ಲಿ ಇಟ್ಟಿದ್ದಾರೆ. ನಾನು ದಾರೀಲಿದ್ದೀನಿ. ಅವಳಿಗೆ ಎರಡು ಜೊತೆ ಬಟ್ಟೆ ಕೊಟ್ಟು ಬರ್ತೀಯಾ?”

ಶಾಲೆಯ ಹಿಂದಿನ ಗೋಡೆಯ ಹತ್ತಿರ ಜಗಳ ನಡೆದಿತ್ತು. ಜೊತೆಯ ಹುಡುಗಿಯೊಬ್ಬಳು “ನಿಮ್ಮಪ್ಪಂಗೇ ನೀನು ಬೇಡ್ವಂತೆ” ಎಂದಿದ್ದಳು. ಬೆಂಕಿಕಡ್ಡಿ ತನ್ನ ಸ್ಟೀಲಿನ ಊಟದ ಡಬ್ಬಿ ಬೀಸಿದ್ದಳು. ಆ ಹುಡುಗಿಯ ಕೆನ್ನೆಯ ಮೂಳೆ ಬಿರಿದಿತ್ತು, ಕಣ್ಣಿನ ಕೆಳಗೆ ಹೊಲಿಗೆ ಬಿದ್ದಿತ್ತು.

ಬಟ್ಟೆ ಕೊಡಲು ಹೋದವಳು ವಿಚಾರಣೆಯ ಕೋಣೆಯಲ್ಲಿ ಕೂರಬೇಕಾಯಿತು. ಉದ್ದನೆಯ ಮೇಜು, ಪ್ಲಾಸ್ಟಿಕ್ ಕುರ್ಚಿಗಳು, ಒಂದು ತಿರುಗದ ಫ್ಯಾನು. ನ್ಯಾಯಾಧೀಶೆ ಕನ್ನಡಕ ಒರೆಸಿಕೊಳ್ಳುತ್ತಾ ಕೇಳಿದರು, “ಮಗುವಿನ ಜವಾಬ್ದಾರಿ ತಗೊಳ್ಳೋರು ಯಾರಿದ್ದೀರಿ?”

ತಮ್ಮ ಅಷ್ಟರಲ್ಲಿ ಬಂದು ತಲುಪಿದ್ದ. ಧೂಳಿನ ಬಟ್ಟೆಯಲ್ಲೇ ಎದ್ದು ನಿಂತ. “ಅಮ್ಮಾವ್ರೆ, ನಾನು ತಿಂಗಳಲ್ಲಿ ಮೂರು ದಿನ ಮನೇಲಿರೋನು. ಹೆಂಡತಿ ಹೆದರ್ಕೊಂಡಿದ್ದಾಳೆ, ಚಿಕ್ಕ ಮಗು ಇದೆ. ನನ್ನ ಕೈಲಾಗಲ್ಲ.” ಕೈ ಚೆಲ್ಲಿ ಕೂತುಬಿಟ್ಟ.

ಹುಡುಗಿ ತಲೆ ಎತ್ತಲಿಲ್ಲ. ಅತ್ತೆ ಕಂಡದ್ದು ಅವಳ ಕುತ್ತಿಗೆಯ ಹಿಂಭಾಗವನ್ನು. ಹೆಣೆದ ಕೂದಲು ಎಷ್ಟೋ ದಿನದಿಂದ ಬಿಚ್ಚದೆ ಗಂಟುಗಟ್ಟಿತ್ತು. ತನ್ನ ಅಪ್ಪನೇ ಎಲ್ಲರೆದುರು ಬೇಡ ಎಂದದ್ದನ್ನು ಕೇಳಿಯೂ ಆ ಕುತ್ತಿಗೆ ಅಲುಗಲಿಲ್ಲ. ಅದು ಅವಳಿಗೆ ಹೊಸ ಸುದ್ದಿಯಾಗಿರಲಿಲ್ಲ.

“ನಾನಿದ್ದೀನಿ,” ಎಂದಳು ಅತ್ತೆ. ಹೇಳಿದ ಮೇಲೆ ತನ್ನದೇ ದನಿ ತನಗೆ ಅಪರಿಚಿತ ಎನಿಸಿ ಸುತ್ತ ನೋಡಿದಳು.

*

ಮೊದಲ ವಾರಗಳಲ್ಲಿ ಎರಡು ಕೋಣೆಗಳಲ್ಲಿ ಇಬ್ಬರೂ ಒಂಟಿಯಾಗಿಯೇ ಬದುಕಿದರು. ಹುಡುಗಿ ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗುವಳು. ಊಟಕ್ಕೆ ಕರೆದರೆ “ನೀವು ಮಾಡಿ” ಎನ್ನುವಳು. ಆಮೇಲೆ ಅಡುಗೆಮನೆಯಲ್ಲಿ ನಿಂತುಕೊಂಡೇ ತಟ್ಟೆ ಖಾಲಿ ಮಾಡುವಳು. ಇಷ್ಟು ವರ್ಷ ಒಬ್ಬಳೇ ಇದ್ದಾಗ ಇಲ್ಲದ ಒಂಟಿತನ ಈಗ ಆಕೆಗೆ ಶುರುವಾಯಿತು. ಮನೆಯಲ್ಲಿ ಇನ್ನೊಂದು ಜೀವದ ಉಸಿರಾಟ ಕೇಳುತ್ತಿತ್ತು, ಅದು ತನ್ನ ಕಡೆ ತಿರುಗುತ್ತಿರಲಿಲ್ಲ.

ಆಕೆಗೆ ಭಯವೂ ಇತ್ತು. ಹುಡುಗಿ ಬಂದ ಎರಡನೆಯ ದಿನವೇ ಅಡುಗೆಮನೆಯ ಚಾಕುಗಳನ್ನು ಬಟ್ಟೆಯಲ್ಲಿ ಸುತ್ತಿ ಅಕ್ಕಿ ಡಬ್ಬದ ತಳಕ್ಕೆ ಸೇರಿಸಿದ್ದಳು. ಹುಡುಗಿಯನ್ನು ಇನ್ನೂ ಶಾಲೆಗೆ ಕಳಿಸಲು ಶುರು ಮಾಡಿರಲಿಲ್ಲ; ತಾನು ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಬೀಗ ಹಾಕತೊಡಗಿದಳು. ಮೂರನೆಯ ಸಲ ಬೀಗ ಹಾಕಿ ಹೋದ ದಿನ, ವಾಪಸು ಬಂದು ನೋಡಿದರೆ ಗೋಡೆಯ ಕನ್ನಡಿ ಚೂರುಚೂರಾಗಿತ್ತು. ಹುಡುಗಿಯ ಬಲಗೈ ಬೆರಳಿಗೆ ಗಾಯವಾಗಿತ್ತು. ಅವಳ ಕಾಲ ಬಳಿ ಅಕ್ಕಿ ಚೆಲ್ಲಿತ್ತು. ಬಿಚ್ಚಿದ ಬಟ್ಟೆಯ ಗಂಟು ನೆಲದ ಮೇಲಿತ್ತು.

“ನನಗೆ ಹಸಿವಾಗಿತ್ತು. ಅನ್ನ ಮಾಡ್ಕೊಳ್ಳೋಣ ಅಂತ ಅಕ್ಕಿಗೆ ಕೈ ಹಾಕಿದೆ,” ಎಂದಳು ಹುಡುಗಿ. “ನೀನು ನನಗೆ ಹೆದರಿ ಚಾಕು ಬಚ್ಚಿಟ್ಟಿದ್ದೀಯಾ?”

ಆ ಮನೆಗೆ ಬಂದ ಮೇಲೆ ಅವಳು ‘ನೀವು’ ಬಿಟ್ಟು ‘ನೀನು’ ಅಂದದ್ದು ಅದೇ ಮೊದಲು. ಅತ್ತೆಗೆ ಸುಳ್ಳು ಹೇಳಬೇಕೆನಿಸಿತು, ಹೇಳಲು ಬರಲಿಲ್ಲ.

“ಹೌದು ಕಣೇ. ಹೆದರಿಕೆ ಆಯ್ತು.”

“ಹಾಗಾದ್ರೆ ಯಾಕೆ ಕರ್ಕೊಂಡು ಬಂದೆ?”

“ಗೊತ್ತಿಲ್ಲ. ನಿನ್ನ ತಲೆಯ ಗಂಟು ನೋಡಿದೆ. ಯಾರೂ ಬಿಡಿಸಿಲ್ಲವಲ್ಲ ಅನ್ನಿಸ್ತು.”

ಅತ್ತೆ ಗಾಯಕ್ಕೆ ಬಟ್ಟೆ ಸುತ್ತಿದಳು, ಕನ್ನಡಿಯ ಚೂರು ಗುಡಿಸಿದಳು. ಆಮೇಲೆ ಒಂದು ಚಾಕುವನ್ನು ತೊಳೆದು ಹುಡುಗಿಯ ಮುಂದೆ ಇಟ್ಟಳು. “ಈರುಳ್ಳಿ ಹೆಚ್ಚು. ಸಣ್ಣಗೆ ಹೆಚ್ಚಬೇಕು, ಸೌದೆ ಸೀಳೋ ಹಾಗೆ ಬೇಡ.” ಹುಡುಗಿ ಎಡಗೈಯಲ್ಲಿ ಹೇಗೋ ಹೆಚ್ಚಿದಳು. ಕಣ್ಣಲ್ಲಿ ನೀರು ಇಳಿಯಿತು. ಇಬ್ಬರೂ ಅದನ್ನು ಈರುಳ್ಳಿಯ ತಲೆಗೆ ಕಟ್ಟಿದರು. ಆ ದಿನದಿಂದ ಬೀಗ ನಿಂತಿತು.

*

ಹುಡುಗಿಯ ಒಂದು ವರ್ಷದ ಮೇಲ್ವಿಚಾರಣೆಗೆಂದು ನ್ಯಾಯಾಧೀಶೆ ನೇಮಿಸಿದ್ದ ಅಧಿಕಾರಿಯೊಬ್ಬ ಆಗಾಗ ಬಂದು ವಿಚಾರಿಸಿಕೊಂಡು ಹೋಗುತ್ತಿದ್ದ. ನಡುವಯಸ್ಸಿನವನು. ಅವನ ಸ್ಕೂಟರು ಬೀದಿಯ ತಿರುವಿನಲ್ಲೇ ಕೆಮ್ಮುತ್ತಾ ಬರುವುದು ಮೇಲಿನವರೆಗೂ ಕೇಳುತ್ತಿತ್ತು. ಒಮ್ಮೆ ಹುಡುಗಿ ಮನೆಯಲ್ಲಿಲ್ಲದಾಗ ಬಂದ.

“ಶಾಲೆ ಬಿಟ್ಟ ಮೇಲೆ ಎಲ್ಲಿರ್ತಾಳೆ?”

“ನನಗೆ ಮಧ್ಯಾಹ್ನದ ಪಾಳಿ. ನಾನು ಬರೋ ಹೊತ್ತಿಗೆ ಮನೇಲಿರ್ತಾಳೆ. ಅಲ್ಲೀವರೆಗೆ...” ಆಕೆ ಮಾತು ಮುಗಿಸಲಿಲ್ಲ. ಹುಡುಗಿಯ ಬೂಟಿನಲ್ಲಿ ಸಿನಿಮಾ ಮಂದಿರದ ಹತ್ತಿರದ ಕೆಂಪು ಮಣ್ಣು ಕಂಡಿದ್ದು ಆಕೆಗೆ ನೆನಪಾಯಿತು.

“ನೋಡಿ ಅಮ್ಮಾ, ಇಷ್ಟು ವರ್ಷದಲ್ಲಿ ನಾನು ಕಂಡಿದ್ದು ಹೇಳ್ತೀನಿ. ಈ ಮಕ್ಕಳು ಏನಾದ್ರೂ ಮಾಡ್ಕೊಳ್ಳೋದು ಆ ಹೊತ್ತಲ್ಲೇ. ಶಾಲೆ ಬಿಟ್ಟಿರುತ್ತೆ, ಮನೇಲಿ ಯಾರೂ ಇರಲ್ಲ. ಇದು ಒಬ್ಬರ ಕೈಲಿ ಆಗೋದಲ್ಲ. ನಿಮ್ಮವರು ಅಂತ ಯಾರ್ಯಾರಿದ್ದಾರೆ?”

ಸುಲಭದ ಪ್ರಶ್ನೆಯೇ. ಆಕೆ ಕಿಟಕಿಯ ಕಡೆ ನೋಡಿದಳು, ಒಲೆಯ ಕಡೆ ನೋಡಿದಳು. ಒಂದು ಹೆಸರೂ ನಾಲಿಗೆಗೆ ಬರಲಿಲ್ಲ. ಅಧಿಕಾರಿ ಕಾದ. ಕೊನೆಗೆ ಅವನೇ ಮುಜುಗರಪಟ್ಟು, ಚಹಾ ಚೆನ್ನಾಗಿತ್ತು ಎಂದು ಹೇಳಿ ಎದ್ದ. ಆಕೆ ಅವನಿಗೆ ಚಹಾ ಕೊಟ್ಟಿರಲೇ ಇಲ್ಲ.

ಅವನು ಹೋದ ಮೇಲೆ ಆಕೆ ಬಹಳ ಹೊತ್ತು ಕೂತಿದ್ದಳು. ಹಂಗು ಬೇಡ, ಹಂಗು ಬೇಡ ಎಂದು ಕಟ್ಟಿಕೊಂಡ ಗೋಡೆಯ ಒಳಗೆ ಇಷ್ಟು ವರ್ಷ ತಣ್ಣಗಿದ್ದವಳು. ಈಗ ಆ ಗೋಡೆಯೊಳಗೆ ಒಂದು ಮಗುವನ್ನೂ ತಂದು ಕೂರಿಸಿದ್ದೇನೆ ಎನಿಸಿತು.

ಮರುದಿನ ಬೆಳಿಗ್ಗೆ ಟೀಚರಮ್ಮನ ಬಾಗಿಲ ಮುಂದೆ ಹೋಗಿ ನಿಂತಳು. ಕೈ ಎತ್ತಿದಳು, ಇಳಿಸಿದಳು. ಮತ್ತೆ ಎತ್ತಿದಳು. ಬಾಗಿಲು ತಾನಾಗಿ ತೆರೆಯಿತು.

“ಯಾರೋ ಉಸಿರು ಬಿಡೋದು ಕೇಳಿಸ್ತು,” ಎಂದರು ಟೀಚರಮ್ಮ. ಕಣ್ಣಿನ ಪೊರೆಯಿಂದ ಅವರಿಗೆ ಎದುರಿದ್ದವರ ಮುಖ ಮಸುಕಾಗಿ ಕಾಣುತ್ತಿತ್ತು. “ನೀನಾ? ಇಷ್ಟು ವರ್ಷ ಎದುರುಬದುರು ಇದ್ದೀವಿ, ಈಗ ಪುರುಸೊತ್ತಾಯ್ತಾ? ಒಳಗೆ ಬಾ.”

ಆಕೆ ನಿಂತುಕೊಂಡೇ ಹೇಳಿದಳು. ಹುಡುಗಿ ಏನು ಮಾಡಿದ್ದಳೆಂಬುದನ್ನೂ ಮುಚ್ಚಿಡಲಿಲ್ಲ. ಟೀಚರಮ್ಮ ಕೇಳಿಸಿಕೊಂಡು, “ನನಗೂ ಸಂಜೆ ಹೊತ್ತು ಬೇಜಾರು. ಪೇಪರು ಓದೋಕೆ ಕಣ್ಣಿಲ್ಲ. ಅವಳನ್ನ ಕಳಿಸು, ಓದಿಸಿಕೊಳ್ತೀನಿ. ನಿನಗೆ ಉಪಕಾರ ಅಂತ ತಿಳ್ಕೋಬೇಡ, ನನ್ನ ಸ್ವಾರ್ಥ,” ಎಂದರು.

ಕೆಳಗಿನ ಸೈಕಲ್ ಅಂಗಡಿಯವನು ಹೆಚ್ಚು ಮಾತಿನವನಲ್ಲ. “ಬಂದು ಕೂತ್ಕೊಳ್ಳಲಿ ಬಿಡಿ. ಬಾಯಿ ಮುಚ್ಕೊಂಡಿದ್ರೆ ಸಾಕು,” ಎಂದ. ಲಾಂಡ್ರಿಯಲ್ಲಿ ಆಕೆ ರೇಡಿಯೋ ಎದುರು ನಿಂತಾಗ ರೋಲರು ಜೋರಾಗಿ ಓಡುತ್ತಿತ್ತು. ಇಬ್ಬರ ನಡುವೆ ಹಾಸುಬಟ್ಟೆ ಇತ್ತು.

“ವಾರದಲ್ಲಿ ಎರಡು ದಿನ ನಿನ್ನ ಬೆಳಗಿನ ಪಾಳಿ ನನಗೆ ಬಿಟ್ಟುಕೊಡ್ತೀಯಾ?” ಎಂದು ಕಿರುಚಿದಳು.

ರೇಡಿಯೋ ಬಟ್ಟೆಯನ್ನು ಎಳೆದು ನೆಟ್ಟಗೆ ಮಾಡಿದಳು. “ಫ್ಯಾನಿನ ವಿಷಯ ನಾನು ಮರೆತಿಲ್ಲ!”

“ನಾನೂ ಮರೆತಿಲ್ಲ!”

“ಮರೀಬೇಡ. ಆ ಜಗಳ ಇನ್ನೊಂದಿನ ಆಡೋಣ. ಮನೇಲಿ ಹುಡುಗಿ ಇದ್ದಾಳಂತೆ, ಇಡೀ ಆಸ್ಪತ್ರೆಗೆ ಗೊತ್ತು, ನೀನೊಬ್ಬಳೇ ಬಾಯಿ ಬಿಟ್ಟಿಲ್ಲ. ಎರಡು ದಿನ ಯಾಕೆ, ಮೂರು ದಿನ ತಗೋ!”

ಆಕೆ ಬಟ್ಟೆಯ ತನ್ನ ತುದಿಯನ್ನು ಹಿಡಿದು ಹತ್ತಿರ ಹೋಗಿ ಅವಳ ಕೈಗೆ ದಾಟಿಸಿದಳು. ಈ ಸಲ ಮುಖ ನೋಡಿದಳು. ರೇಡಿಯೋಗೆ ಎಷ್ಟು ಬಿಳಿ ಕೂದಲು ಬಂದಿದೆ ಎಂಬುದು ಆಗಲೇ ಕಂಡದ್ದು.

*

ಇಷ್ಟಕ್ಕೇ ಹುಡುಗಿ ಬದಲಾಗಿಬಿಟ್ಟಳು ಎಂದರೆ ಸುಳ್ಳಾಗುತ್ತದೆ. ಶಾಲೆಯಲ್ಲಿ ಬೆಂಚು ಮುರಿದು ಒಂದು ವಾರ ಹೊರಗುಳಿದಳು. ಟೀಚರಮ್ಮನಿಗೆ ಪೇಪರು ಓದುವಾಗ ಬೇಕಂತಲೇ ಸಾವಿನ ಸುದ್ದಿಗಳನ್ನಷ್ಟೇ ಓದಿದಳು. ಅವರು “ಇವತ್ತು ಯಾರೂ ಬದುಕಿ ಉಳಿದಿಲ್ವಾ? ಹೋಗಲಿ, ಕ್ರಿಕೆಟ್ ಏನಾಯ್ತು ನೋಡು,” ಎಂದು ನಕ್ಕ ಮೇಲೆ ಆ ಆಟ ಬಿಟ್ಟಳು. ಸೈಕಲ್ ಅಂಗಡಿಯಲ್ಲಿ ಮೊದಲ ದಿನಗಳಲ್ಲಿ ಮೂಲೆಯ ಸ್ಟೂಲಿನ ಮೇಲೆ ಕೂತು ಬೀದಿಯನ್ನು ದುರುಗುಟ್ಟಿ ನೋಡುತ್ತಿದ್ದಳು. ಒಂದು ಸಂಜೆ ಅಂಗಡಿಯವನು ತಿರುಗಿಯೂ ನೋಡದೆ, “ಆ ಟ್ಯೂಬು ನೀರಲ್ಲಿ ಅದ್ದು. ಗುಳ್ಳೆ ಎಲ್ಲಿ ಬರುತ್ತೆ ಹೇಳು,” ಎಂದ. ಅವಳು ಅದ್ದಿದಳು. ಗುಳ್ಳೆ ಬಂತು. ಬೆರಳಿಟ್ಟು ಹಿಡಿದಳು. ಆ ದಿನ ಮೇಲೆ ಬಂದಾಗ ಅವಳ ಉಗುರುಗಳಲ್ಲಿ ಕಪ್ಪು ಗ್ರೀಸ್ ಇತ್ತು. ಅತ್ತೆ ಬೈದಳು. ಬೈಯಲು ಒಬ್ಬಳಿದ್ದಾಳೆ ಎಂಬುದೇ ಆಕೆಗೆ ಒಳಗೊಳಗೆ ಹಿತವಾಯಿತು.

ರಜೆಯ ದಿನಗಳಲ್ಲಿ ಅತ್ತೆ ಎಣ್ಣೆ ಹಚ್ಚಿ ಅವಳ ತಲೆ ಬಾಚುತ್ತಿದ್ದಳು. ಮಾತು ಬರುತ್ತಿದ್ದುದು ಆಗಲೇ, ಬೆನ್ನು ತಿರುಗಿಸಿ ಕೂತಿದ್ದಾಗ. ಹಾಗೊಮ್ಮೆ ಹುಡುಗಿ ಕೇಳಿದಳು:

“ಅತ್ತೆ, ಅವಳ ಕಣ್ಣು ಹೇಗಿದೆಯಂತೆ?”

ಅವಳು ಎಂದರೆ ಯಾರು ಎಂದು ಅತ್ತೆ ಕೇಳಬೇಕಾಗಲಿಲ್ಲ. “ಕಣ್ಣಿಗೇನೂ ಆಗಿಲ್ಲ. ಕೆನ್ನೆ ಮೇಲೆ ಗುರುತು ಉಳಿದಿದೆಯಂತೆ.”

“ಹೋಗಿ ಕ್ಷಮೆ ಕೇಳಿದ್ರೆ?”

ಅಧಿಕಾರಿಯ ಮೂಲಕ ಹೇಳಿಕಳಿಸಿ, ಆ ಮನೆಯವರು ‘ಬರಲಿ’ ಎಂದ ಮೇಲೆ ಇಬ್ಬರೂ ಹೋದರು. ಹುಡುಗಿ ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ತುಟಿಯೊಳಗೆ ಉರುಹೊಡೆಯುತ್ತಿದ್ದಳು. ಬಾಗಿಲು ತೆರೆದದ್ದು ಆ ಹುಡುಗಿಯ ತಾಯಿ. ಒಳಗೆ ಕರೆಯಲಿಲ್ಲ. ಹುಡುಗಿ ತಲೆ ತಗ್ಗಿಸಿ ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡಳು.

“ಬರಲಿ ಅಂದಿದ್ದು ನನ್ನ ಗಂಡ. ನನ್ನ ಮಗಳು ಈಗಲೂ ಆ ಕೆನ್ನೆ ಊರಿ ಮಲಗಲ್ಲ,” ಎಂದಳು ಆ ತಾಯಿ. ದನಿ ಏರಲಿಲ್ಲ. “ನೀನು ಇವತ್ತು ಕೇಳಿಬಿಟ್ಟೆ, ನಿನ್ನ ಎದೆ ಹಗುರ ಆಯ್ತು. ನಾವು ಏನು ಮಾಡೋಣ ಹೇಳು?”

ಒಳಗೆ ಪರದೆಯ ಹಿಂದೆ ಎರಡು ಪಾದ ಕಂಡವು. ಅವು ಮುಂದೆ ಬರಲಿಲ್ಲ. ತಾಯಿ ಬಾಗಿಲನ್ನು ಮೆಲ್ಲಗೆ ಮುಚ್ಚಿದಳು.

ವಾಪಸು ಬರುವಾಗ ಬಸ್ಸು ಖಾಲಿಯಿತ್ತು. ಹುಡುಗಿ ಹಿಂದಿನ ಸೀಟಿನಲ್ಲಿ ಒಬ್ಬಳೇ ಕೂತಳು. ಅತ್ತೆ ಮುಂದಿನ ಸೀಟಿನಲ್ಲಿದ್ದಳು. ಹತ್ತಿರ ಹೋಗಿ ಕೂರಲೇ ಎಂದು ಎರಡು ಮೂರು ಸಲ ಎದ್ದಳು, ಮತ್ತೆ ಕೂತಳು. ಕೆಲವು ದುಃಖಗಳಲ್ಲಿ ಜೊತೆಯವರಿಗೆ ಜಾಗವಿಲ್ಲ ಎಂದು ತನ್ನ ಗಂಡ ಸತ್ತ ದಿನಗಳಿಂದ ಆಕೆಗೆ ಗೊತ್ತಿತ್ತು. ಆದರೂ ಇಳಿಯುವ ಹೊತ್ತಿಗೆ ಹಿಂದಕ್ಕೆ ಹೋಗಿ, “ಬಾ, ನಮ್ಮ ಸ್ಟಾಪು,” ಎಂದು ಕೈ ಚಾಚಿದಳು. ಹುಡುಗಿ ಹಿಡಿದುಕೊಂಡಳು. ಮನೆಯ ಮೆಟ್ಟಿಲು ಹತ್ತುವವರೆಗೂ ಬಿಡಲಿಲ್ಲ.

*

ಬೇಸಿಗೆ ಶುರುವಾಗುವ ಮುಂಚೆ ಒಂದು ಸಂಜೆ ಸಿನಿಮಾ ಮಂದಿರದ ಗುಂಪು ಬೀದಿಗೇ ಬಂತು. ಅವರಲ್ಲೊಬ್ಬನಿಗೆ ಬೇರೆ ಬಡಾವಣೆಯ ಹುಡುಗರು ಹೊಡೆದಿದ್ದರು. ಅದರ ಲೆಕ್ಕ ಚುಕ್ತಾ ಮಾಡಲು ಇವರು ಹೊರಟಿದ್ದರು. ಕೆಳಗೆ ನಿಂತು ಶಿಳ್ಳೆ ಹಾಕಿದರು. “ಏ ಬೆಂಕಿಕಡ್ಡಿ! ಇಳಿದು ಬಾರೇ! ಮರೆತುಬಿಟ್ಯಾ ನಮ್ಮನ್ನ?”

ಅತ್ತೆ ಲಾಂಡ್ರಿಯಲ್ಲಿದ್ದಳು. ಆ ದಿನ ಸೈಕಲ್ ಅಂಗಡಿಗೆ ರಜೆ. ಹುಡುಗಿ ಟೀಚರಮ್ಮನ ಮನೆಯಲ್ಲಿ ಪೇಪರು ಓದುತ್ತಿದ್ದವಳು ಅರ್ಧಕ್ಕೆ ನಿಲ್ಲಿಸಿದಳು. ಟೀಚರಮ್ಮನಿಗೆ ಅವಳ ಮುಖ ಕಾಣಲಿಲ್ಲ, ಕುರ್ಚಿ ಹಿಂದಕ್ಕೆ ಸರಿದದ್ದು ಕೇಳಿಸಿತು.

“ಹೋಗ್ಬೇಕಾ?”

“ಅವರು ನನ್ನ ಜೊತೆಗಿದ್ದೋರು. ಯಾರೂ ಇಲ್ದಿದ್ದಾಗ ಅವರೇ ಇದ್ದಿದ್ದು.”

“ಅದೂ ನಿಜಾನೇ,” ಎಂದರು ಟೀಚರಮ್ಮ.

ಬೇಡ ಎಂದು ಅವರು ಹೇಳಿದ್ದರೆ ಅವಳು ಹಾರಿಕೊಂಡು ಇಳಿದುಬಿಡುತ್ತಿದ್ದಳೇನೋ. ಹೇಳದೆ ಇದ್ದುದರಿಂದ ಬಾಗಿಲಲ್ಲಿ ಒಂದು ಕ್ಷಣ ನಿಂತಳು. ಆಮೇಲೆ ಇಳಿದಳು. ಅರ್ಧ ಮೆಟ್ಟಿಲಲ್ಲಿದ್ದಾಗ ಹಿಂದೆ ಕೋಲಿನ ಸದ್ದು. ಟೀಚರಮ್ಮ ಗೋಡೆ ತಡವುತ್ತಾ ಇಳಿಯುತ್ತಿದ್ದರು.

“ನೀವ್ಯಾಕೆ ಬಂದ್ರಿ?”

“ನಾನೂ ಬರ್ತೀನಿ. ನಿನ್ನ ಸ್ನೇಹಿತರನ್ನ ನೋಡಿದ ಹಾಗಾಗುತ್ತೆ.”

“ಬಿದ್ದುಬಿಡ್ತೀರಿ!”

“ಹಿಡ್ಕೊಂಡ್ರೆ ಯಾಕೆ ಬೀಳ್ತೀನಿ?”

ಹುಡುಗಿ ಮೇಲೆ ಬಂದು ಅವರ ತೋಳು ಹಿಡಿದಳು. ಟೀಚರಮ್ಮ ಒಂದೊಂದು ಮೆಟ್ಟಿಲಿಗೂ ನಿಂತು ಉಸಿರೆಳೆದುಕೊಂಡರು. ನಡುವೆ ಕೂತುಬಿಟ್ಟರು. ಚಪ್ಪಲಿ ಸರಿ ಮಾಡಿಕೊಂಡರು. ಕೆಳಗಿನಿಂದ ಶಿಳ್ಳೆ ಎರಡು ಸಲ ಕೇಳಿತು. ಆಮೇಲೆ ಬೈಗುಳ ಕೇಳಿತು. ಬೀದಿ ಬಾಗಿಲಿಗೆ ತಲುಪುವ ಹೊತ್ತಿಗೆ ಅಲ್ಲಿ ಯಾರೂ ಇರಲಿಲ್ಲ. ಇಬ್ಬರೂ ಖಾಲಿ ಬೀದಿಯನ್ನು ನೋಡುತ್ತಾ ನಿಂತರು. ದಿನಾ ಬೆಳಿಗ್ಗೆ ಅದೇ ಮೆಟ್ಟಿಲಿಳಿದು ಹಾಲು ತರುತ್ತಿದ್ದ ಟೀಚರಮ್ಮ, “ಮೇಲೆ ಹತ್ತೋಕೂ ನಿನ್ನ ಕೈಯೇ ಬೇಕಲ್ಲ,” ಎಂದರು.

ಆ ರಾತ್ರಿ ಗುಂಪು ಹೋಗಿ ಮಾಡಿದ ಗಲಾಟೆಯಲ್ಲಿ ಬೇರೆ ಬಡಾವಣೆಯ ಒಬ್ಬ ಹುಡುಗನಿಗೆ ಹೊಟ್ಟೆಗೆ ಚಾಕು ಬಿತ್ತು. ಗುಂಪಿನ ಮೂವರನ್ನು ಪೊಲೀಸರು ಹಿಡಿದೊಯ್ದರು. ಮರುದಿನ ಲಾಂಡ್ರಿಗೆ ಬಂದ ಮೂಟೆಯಲ್ಲಿ ಆ ಹುಡುಗನ ಹಾಸುಬಟ್ಟೆಯೂ ಇದ್ದಿರಬೇಕು. ತಣ್ಣೀರಿಗೆ ಹಾಕುವಾಗ ಅತ್ತೆಯ ಕೈ ತಡೆಯಿತು. ಮನೆಗೆ ಬಂದು ನೋಡಿದರೆ ಹುಡುಗಿ ಕಿಟಕಿಯ ಬಳಿ ಮೊಣಕಾಲಿಗೆ ಗಲ್ಲ ಊರಿ ಕೂತಿದ್ದಳು.

“ಆ ಮೂವರಿಗೆ ಮನೇಲಿ ಯಾರೂ ಇಲ್ಲ ಅತ್ತೆ,” ಎಂದಳು. “ನನಗಾದ್ರೆ ಮುದುಕಿ ಅಡ್ಡ ಬಂದ್ರು. ಅವರಿಗೆ ಯಾರು ಬರ್ತಾರೆ?”

ಆ ಸಂಜೆಯಿಡೀ ಅವಳು ಅತ್ತಳು. ಅವಳು ಹಾಗೆ ಅತ್ತದ್ದನ್ನು ಅತ್ತೆ ನೋಡಿದ್ದು ಅದೊಂದೇ ಸಲ.

*

ವರ್ಷ ಕಳೆದು ಮೇಲ್ವಿಚಾರಣೆಯ ಅವಧಿ ಮುಗಿಯಿತು. ಅಧಿಕಾರಿ ಬಂದು, ಇನ್ನು ನಾನು ಬರುವುದಿಲ್ಲ ಎಂದು ಹೇಳಿ, ಈ ಸಲ ನಿಜವಾಗಿಯೂ ಚಹಾ ಕುಡಿದು ಹೋದ. ಅದೇ ವಾರ ತಮ್ಮ ಬಂದ. ಗಡ್ಡ ಬೋಳಿಸಿದ್ದ, ಹೊಸ ಅಂಗಿ ಹಾಕಿದ್ದ. ಕುರ್ಚಿಯ ತುದಿಯಲ್ಲಿ ಕೂತು, “ಮಗಳನ್ನ ಕರ್ಕೊಂಡು ಹೋಗೋಣ ಅಂತ,” ಎಂದ.

ಅತ್ತೆ ಅವನನ್ನು ಅಡುಗೆಮನೆಗೆ ಕರೆದಳು.

“ಅಷ್ಟು ದೊಡ್ಡ ಲಾರಿಗೆ ಬ್ರೇಕ್ ಹಾಕಿ ನಿಲ್ಲಿಸ್ತೀಯ, ನಿನ್ನನ್ನ ನೀನು ಒಂದು ಕಡೆ ನಿಲ್ಲಿಸ್ಕೊಳ್ಳೋಕೆ ಬರಲ್ವಾ? ಅವಳಿಗೆ ಅಪ್ಪ ಬೇಕು. ಈ ವರ್ಷವೆಲ್ಲ ಬೀದೀಲಿ ಲಾರಿ ಸದ್ದಾದ್ರೆ ಸಾಕು, ಕಿಟಕಿಗೆ ಓಡ್ತಿದ್ಲು. ನಿನಗೆ ಗೊತ್ತಾ ಅದು?”

ಅವನಿಗೆ ಗೊತ್ತಿರಲಿಲ್ಲ. ತಲೆ ಬಗ್ಗಿಸಿದ. “ದೂರದ ಗಾಡಿ ಬಿಟ್ಟಿದ್ದೀನಿ ಅಕ್ಕಾ. ಈಗ ಊರೊಳಗಿನ ಗೋಡೌನು ಗಾಡಿ. ಸಂಜೆ ಮನೇಲಿರ್ತೀನಿ. ಅವಳು ಹುಷಾರಾದ್ಲು ಅಂತ ಬಂದಿಲ್ಲ ನಾನು. ಅವತ್ತು ಎಲ್ಲರೆದುರಿಗೆ ಕೈಲಾಗಲ್ಲ ಅಂದೆನಲ್ಲ, ಆಮೇಲೆ ನಿದ್ದೆ ಬಂದಿಲ್ಲ ನನಗೆ.”

ಹೊರಗೆ ಬಂದು ಅತ್ತೆ ಹುಡುಗಿಗೆ, “ನಿನ್ನಿಷ್ಟ ಕಣೇ,” ಎಂದಳು. ಇರು ಎಂದು ಹೇಳಬೇಕೆಂದು ಗಂಟಲವರೆಗೆ ಬಂದದ್ದನ್ನು ನುಂಗಿಕೊಂಡಳು. ಹುಡುಗಿ ಅಪ್ಪನ ಮುಖ ನೋಡಿದಳು, ಅತ್ತೆಯ ಮುಖ ನೋಡಿದಳು. “ತಂಗಿ ಈಗ ನಡೀತಾಳಾ?” ಎಂದು ಕೇಳಿದಳು. “ಓಡ್ತಾಳೆ,” ಎಂದ ಅವನು. ಹುಡುಗಿ ಎದ್ದು ಬಟ್ಟೆ ತುಂಬಿಕೊಳ್ಳಲು ಹೋದಳು. ಬಾಗಿಲಲ್ಲಿ ಅತ್ತೆಯನ್ನು ಗಟ್ಟಿಯಾಗಿ ತಬ್ಬಿದಳು.

ಮೆಟ್ಟಿಲಿಳಿಯುವ ಸದ್ದು ನಿಂತ ಮೇಲೆ ಅತ್ತೆ ಒಳಕೋಣೆಗೆ ಹೋದಳು. ಮಂಚದ ಮೇಲಿನ ಹಾಸುಬಟ್ಟೆಯನ್ನು ಹುಡುಗಿ ಮಡಿಸಿಟ್ಟಿದ್ದಳು, ಅಂಚಿಗೆ ಅಂಚು ಕೂಡಿಸಿ, ಅತ್ತೆ ಕಲಿಸಿದ ಹಾಗೆಯೇ. ಅದನ್ನು ಬಿಚ್ಚಿ ಒಗೆಯಲು ಹಲವು ದಿನ ಆಕೆಗೆ ಮನಸ್ಸು ಬರಲಿಲ್ಲ. ದಿನವಿಡೀ ಊರಿನ ಹಾಸುಬಟ್ಟೆಗಳನ್ನೆಲ್ಲ ಒಗೆಯುವವಳು.

ಇದಾಗಿ ವರ್ಷಗಳೇ ಕಳೆದಿವೆ. ಬೆಂಕಿಕಡ್ಡಿ ಎಂದು ಅವಳನ್ನು ಈಗ ಯಾರೂ ಕರೆಯುವುದಿಲ್ಲ. ಬಸ್ ಡಿಪೋದ ಗ್ಯಾರೇಜಿನಲ್ಲಿ ಮೆಕ್ಯಾನಿಕ್ಕು, ಅಲ್ಲಿನ ಮೊದಲ ಹೆಣ್ಣು ಮೆಕ್ಯಾನಿಕ್ಕು. ಕೋಪ ಈಗಲೂ ಮೂಗಿನ ತುದಿಯಲ್ಲೇ, ಆದರೆ ಕೈಗೆ ಇಳಿಯುವುದಿಲ್ಲ. ಟೀಚರಮ್ಮ ತೀರಿಕೊಂಡರು. ರೇಡಿಯೋ ನಿವೃತ್ತಳಾಗಿ ಮಗನ ಊರು ಸೇರಿದಳು. ಎದುರು ಬಾಗಿಲಿಗೆ ಬಂದ ಹೊಸಬರು ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುತ್ತಾರೆ. ಅತ್ತೆಗೆ ಸಂಜೆ ಹೊತ್ತು ಈಗಲೂ ಕಷ್ಟ. ಮನೆ ತುಂಬಿದ್ದಾಗಿನ ನೆನಪಿಲ್ಲದಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ ಎಂದು ಆಕೆಗೆ ಕೆಲವೊಮ್ಮೆ ಅನಿಸುತ್ತದೆ. ಹುಡುಗಿ ವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ, ಕೆಲಸ ಹೆಚ್ಚಿದ್ದರೆ ಮರೆಯುತ್ತಾಳೆ.

ಮೊನ್ನೆ ವಾರದ ನಡುವೆಯೇ ಫೋನು ಬಂತು.

“ಅತ್ತೆ, ತಂಗಿ ಇವತ್ತು ಶಾಲೇಲಿ ಒಬ್ಬ ಹುಡುಗನಿಗೆ ಕಲ್ಲು ಹೊಡೆದಿದ್ದಾಳೆ. ಏನು ಕೇಳಿದ್ರೂ ಬಾಯಿ ಬಿಡ್ತಿಲ್ಲ. ಅಪ್ಪ, ಚಿಕ್ಕಮ್ಮ ಇಬ್ಬರೂ ಅವಳ ಮೇಲೆ ಕೂಗಾಡ್ತಿದ್ದಾರೆ. ನಾನೇನು ಮಾಡ್ಲಿ? ನಾನೂ ಬೈಲಾ?”

“ಬೈಯೋಕೆ ಆಗಲೇ ಇಬ್ಬರಿದ್ದಾರಲ್ಲ. ಎಲ್ಲಿದ್ದಾಳೆ ಅವಳು?”

“ಮಂಚದ ಕೆಳಗೆ.”

“ನೀನೂ ಹೋಗಿ ನೆಲದ ಮೇಲೆ ಕೂತ್ಕೋ.”

“ಕೂತು ಏನು ಮಾತಾಡ್ಲಿ?”

“ಏನೂ ಬೇಡ. ಅವಳಾಗೇ ಹೊರಗೆ ಬರೋವರೆಗೂ ಎದ್ದು ಹೋಗಬೇಡ, ಅಷ್ಟೇ.”

“ಸರಿ ಅತ್ತೆ,” ಎಂದಳು ಹುಡುಗಿ. ಫೋನು ಕಟ್ ಮಾಡುವುದನ್ನು ಮರೆತು ಪಕ್ಕಕ್ಕೆ ಇಟ್ಟಳೋ ಏನೋ, ಸಂಪರ್ಕ ಕಡಿಯಲಿಲ್ಲ. ಅತ್ತೆ ಕಿವಿಗಿಟ್ಟುಕೊಂಡೇ ಇದ್ದಳು. ದೂರದ ಆ ಮನೆಯಲ್ಲಿ ಯಾರೋ ನೆಲದ ಮೇಲೆ ಕೂತ ಸದ್ದು, ಆಮೇಲೆ ಏನೂ ಇಲ್ಲ. ಇಲ್ಲಿ ಕತ್ತಲಾಗುತ್ತಿತ್ತು. ಆಕೆ ದೀಪ ಹಾಕಲು ಏಳಲಿಲ್ಲ, ಉಸಿರು ಬಿಗಿಹಿಡಿದು ಕೇಳುತ್ತಾ ಕೂತಳು.